ಶಿಕ್ಷಕರ ಅರ್ಹತೆ: ಕರ್ನಾಟಕದ ಕಟ್ಟಳೆ, ವನಗೂರು ಸೀಮೆಯ ಶಾಲೆ

ವಕೀಲಿಕೆ ಮಾಡಲು ವಕೀಲರ ಪರಿಷತ್ತಿನ ಸನ್ನದು ಬೇಕು. ವೈದ್ಯ ವೃತ್ತಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಬೇಕು. ಮೇಷ್ಟರಾಗಲು ಅಂಥ ಒಂದೇ ಸನ್ನದು ಕರ್ನಾಟಕದಲ್ಲಿಲ್ಲ, ಭಾರತದಲ್ಲೂ ಇಲ್ಲ. ಅದರ ಬದಲು ಒಂದರ ಹಿಂದೆ ಒಂದು ಮೂರು ಬಾಗಿಲುಗಳಿವೆ. ಮೊದಲನೆಯದು ಡಿ.ಎಡ್ ಅಥವಾ ಬಿ.ಎಡ್ ಎಂಬ ವೃತ್ತಿ ಶಿಕ್ಷಣ. ಎರಡನೆಯದು ಒಂದರಿಂದ ಎಂಟನೆಯ ತರಗತಿವರೆಗೆ ಕಲಿಸುವವರು ಬರೆಯಬೇಕಾದ ಶಿಕ್ಷಕರ ಅರ್ಹತಾ ಪರೀಕ್ಷೆ. ಜನರ ಬಾಯಲ್ಲಿ ಟಿಇಟಿ. ಮೂರನೆಯದು ಸರ್ಕಾರದ ನೇಮಕಾತಿ. ಮೂರನೆಯ ಬಾಗಿಲು ತೆರೆಯುವುದು ಅಪರೂಪ. ಹಾಗಾಗಿ ಮೊದಲೆರಡನ್ನು ದಾಟಿದವರು ಅದರ ಮುಂದೆ ವರ್ಷಗಟ್ಟಲೆ ನಿಂತಿರುತ್ತಾರೆ.

ಅಮೆರಿಕದಲ್ಲಿ ಪ್ರತಿ ರಾಜ್ಯವೂ ಶಿಕ್ಷಕರಿಗೆ ಪರವಾನಗಿ ಕೊಡುತ್ತದೆ, ಕೆಲವು ವರ್ಷಗಳಿಗೊಮ್ಮೆ ನವೀಕರಿಸುತ್ತದೆ. ಪ್ರಿನ್ಸಿಪಾಲರಾಗುವವರಿಗೆ ಬೇರೆಯೇ ಪರವಾನಗಿ, ಬೇರೆಯೇ ಓದು ಇರುತ್ತದೆ. ಸ್ಕಾಟ್‌ಲೆಂಡಿನಲ್ಲಿ 1965ರಲ್ಲೇ ಶಿಕ್ಷಕರ ಪರಿಷತ್ತು ಹುಟ್ಟಿ, ಅದರ ಪಟ್ಟಿಯಲ್ಲಿ ಹೆಸರಿಲ್ಲದವರು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವಂತಿಲ್ಲ ಎಂಬ ಕಟ್ಟಳೆ ಬಂತು. ನಮ್ಮಲ್ಲಿ ಪರವಾನಗಿಯ ಕೆಲಸವನ್ನು ನೇಮಕಾತಿ ನಿಯಮಗಳೇ ಮಾಡುತ್ತವೆ. ಹೀಗಾಗಿ ‘ಒಳ್ಳೆಯ ಶಿಕ್ಷಕ ಯಾರು’ ಎಂಬ ಪ್ರಶ್ನೆ ಬಹುಬೇಗ ‘ಹುದ್ದೆ ಯಾರಿಗೆ’ ಎಂಬ ಪ್ರಶ್ನೆಯಾಗಿ ಬದಲಾಗುತ್ತದೆ. ಕರ್ನಾಟಕದ ಶಿಕ್ಷಕರ ಅರ್ಹತೆಯ ಕಥೆಯನ್ನು ಅರಿಯಲು ಇದು ಮುಖ್ಯವಾದ ಎಳೆ.

ಸಕಲೇಶಪುರದಿಂದ ಹೆತ್ತೂರಿನ ಮೇಲೆ ಬಿಸಿಲೆ ಘಾಟಿಯ ಕಡೆಗೆ ಹೋಗುವ ದಾರಿಯಲ್ಲಿ ವನಗೂರು ಸಿಗುತ್ತದೆ. ಕಾಫಿ ತೋಟ, ಏಲಕ್ಕಿ, ಗದ್ದೆ ಬಯಲು, ಅದರಾಚೆ ಕಾಡು. ಹೆತ್ತೂರು, ಯಸಳೂರು, ಹಾನುಬಾಳು, ಪಕ್ಕದ ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ, ಪಾಳ್ಯ ಹೋಬಳಿಗಳೂ ಸೇರಿ ಹಾಸನ ಜಿಲ್ಲೆಯ ಮಲೆನಾಡು ಸೀಮೆ. ಇಲ್ಲಿ ಊರೆಂದರೆ ಒತ್ತೊತ್ತಾದ ಬೀದಿಗಳಲ್ಲ, ಗುಡ್ಡಕ್ಕೊಂದು ಮನೆ, ತೋಟಕ್ಕೊಂದು ಕೂಲಿಯವರ ಲೈನು. ಶಾಲೆಗಳೂ ಹಾಗೆಯೇ ಚದುರಿವೆ, ಮಕ್ಕಳ ಸಂಖ್ಯೆ ಕಡಿಮೆ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಬರೆದ ಅರ್ಹತೆಯ ನಿಯಮ ಕೊನೆಗೆ ಬಂದು ನಿಲ್ಲುವುದು ಇಂಥ ಶಾಲೆಯ ಹೊಸ್ತಿಲಲ್ಲಿ. ಆದ್ದರಿಂದ ನಿಯಮವನ್ನು ಈ ಹೊಸ್ತಿಲಿನಿಂದಲೇ ನೋಡುವುದು ಸರಿ.

ಹಿಂದಿನ ಕಾಲ

ಸರ್ಕಾರಿ ಶಾಲೆಗಳು ಬರುವ ಮುನ್ನ ಊರಿನ ಕೂಲಿಮಠದ ಅಯ್ಯನವರಿಗೆ ಅರ್ಹತೆ ಕೊಡುತ್ತಿದ್ದುದು ಊರೇ. ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಅಮರಕೋಶ ಹೇಳಿಕೊಟ್ಟವರಿಗೆ ಊರವರು ದವಸಧಾನ್ಯ ಕೊಡುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಈ ಕ್ರಮ ಬದಲಾಗತೊಡಗಿದ್ದು 1868ರ ಹೋಬಳಿ ಶಾಲೆಗಳ ಯೋಜನೆಯಿಂದ. ವಿದ್ಯಾ ಇಲಾಖೆಯ ನಿರ್ದೇಶಕರಾಗಿದ್ದ ಬಿ.ಎಲ್. ರೈಸ್ ಆ ಯೋಜನೆಗೆ ಕಾರಣರು. ಹೋಬಳಿಗೊಂದು ಕನ್ನಡ ಶಾಲೆ, ಅದಕ್ಕೆ ನಾರ್ಮಲ್ ಶಾಲೆಯಲ್ಲಿ ತರಬೇತಿ ಪಡೆದ ಮೇಷ್ಟರು, ಇದು ಅದರ ತಿರುಳು. ಕನ್ನಡಿಗರು ರೈಸರನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ ಶಾಸನ ಸಂಪುಟಗಳಿಗಾಗಿ ನೆನೆಯುತ್ತಾರೆ. ಹಾಸನ ಜಿಲ್ಲೆಯ ಶಾಸನಗಳು ಅದರ 5ನೆಯ ಸಂಪುಟದಲ್ಲಿವೆ. ಆದರೆ ಹಳ್ಳಿಯ ಮೇಷ್ಟರಿಗೆ ತರಬೇತಿ ಬೇಕು ಎಂಬ ಮಾತನ್ನು ಸರ್ಕಾರದ ಕಾಗದದಲ್ಲಿ ನಿಲ್ಲಿಸಿದ್ದೂ ಅಷ್ಟೇ ದೊಡ್ಡ ಕೆಲಸ. ಆಗ ಸಕಲೇಶಪುರದ ಸೀಮೆಗೆ ಮಂಜರಾಬಾದ್ ತಾಲ್ಲೂಕು ಎಂಬ ಹೆಸರಿತ್ತು.

ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಕಡೆಯಲ್ಲಿ ಮುಲ್ಕಿ ಪರೀಕ್ಷೆ ಪಾಸಾದವರು ಪ್ರಾಥಮಿಕ ಶಾಲೆಯ ಮಾಸ್ತರರಾಗುತ್ತಿದ್ದರು. ಅಲ್ಲಿ ನಾರ್ಮಲ್ ಶಾಲೆಯ ಮುಖ್ಯಸ್ಥರೂ ಶಾಲಾ ತನಿಖಾಧಿಕಾರಿಯೂ ಆಗಿದ್ದ ಚೆನ್ನಬಸಪ್ಪನವರು ಕನ್ನಡ ಶಾಲೆಗಳನ್ನು ತೆರೆಯಿಸುತ್ತ ಊರೂರು ತಿರುಗಿದರು. ಅವರ ಹುದ್ದೆ ಡೆಪ್ಯುಟಿ ಎಜುಕೇಷನಲ್ ಇನ್‌ಸ್ಪೆಕ್ಟರ್. ‘ಡೆಪ್ಯುಟಿ’ ಎಂಬ ಪದ ಅವರ ಹೆಸರಿಗೇ ಅಂಟಿಕೊಂಡು ಇಂದಿಗೂ ಡೆಪ್ಯುಟಿ ಚೆನ್ನಬಸಪ್ಪ ಎಂದೇ ಉಳಿದಿದ್ದಾರೆ. ಶಾಲಾ ಆಡಳಿತಗಾರನೊಬ್ಬನ ಹುದ್ದೆಯನ್ನು ಜನ ಹೆಸರಿನ ಜೊತೆ ಉಳಿಸಿಕೊಂಡದ್ದು ನಮ್ಮ ನಾಡಿನಲ್ಲಿ ವಿರಳ.

ಮೈಸೂರಿನಲ್ಲಿ 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದ ಮೇಲೆ ಮೇಷ್ಟರ ಬೇಡಿಕೆ ಏರಿತು. ಲೋಯರ್ ಸೆಕೆಂಡರಿ ಪಾಸಾದವರಿಗೆ ಟಿ.ಸಿ.ಎಲ್., ಅದಕ್ಕಿಂತ ಹೆಚ್ಚು ಓದಿದವರಿಗೆ ಟಿ.ಸಿ.ಎಚ್., ಹೈಸ್ಕೂಲಿನವರಿಗೆ ಬಿ.ಟಿ. ಎಂಬ ತರಬೇತಿಯ ಮೆಟ್ಟಿಲುಗಳಾದವು. ‘ಟ್ರೈನಿಂಗ್ ಆದ ಮೇಷ್ಟ್ರು’, ‘ಟ್ರೈನಿಂಗ್ ಆಗದ ಮೇಷ್ಟ್ರು’ ಎಂದು ಊರವರೇ ಬೇರೆಮಾಡಿ ಹೇಳುತ್ತಿದ್ದರು. 1956ರಲ್ಲಿ ರಾಜ್ಯ ಒಂದಾದಾಗ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸು, ಕೊಡಗು, ಹೀಗೆ ಐದು ಕಡೆಯ ಐದು ಬಗೆಯ ಅರ್ಹತೆಗಳನ್ನು ಒಂದೇ ಇಲಾಖೆ ಒಟ್ಟುಗೂಡಿಸಬೇಕಾಯಿತು. ಮುಂದೆ ಟಿ.ಸಿ.ಎಚ್. ಡಿ.ಎಡ್ ಆಯಿತು, ಈಗ ಕಾಗದದಲ್ಲಿ ಡಿ.ಎಲ್.ಎಡ್. ಆಡುಮಾತಿನಲ್ಲಿ ಇನ್ನೂ ಡಿ.ಎಡ್. ಹಳಬರ ಬಾಯಲ್ಲಂತೂ ಟಿ.ಸಿ.ಎಚ್.

ಈಗಿನ ಕಟ್ಟಳೆ

1993ರಲ್ಲಿ ಸಂಸತ್ತು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಕಾಯಿದೆಯನ್ನು ಮಾಡಿತು. ಅದಕ್ಕೆ ಮುಂಚೆ, 1973ರಿಂದ, ಈ ಪರಿಷತ್ತು ಸಲಹೆ ಕೊಡುವ ಮಂಡಳಿ ಮಾತ್ರವಾಗಿತ್ತು. ಕಾಯಿದೆ ಬಂದ ಮೇಲೆ ಯಾವ ಕಾಲೇಜು ಡಿ.ಎಡ್, ಬಿ.ಎಡ್ ನಡೆಸಬಹುದು ಎಂಬುದನ್ನು ಅದೇ ನಿರ್ಧರಿಸತೊಡಗಿತು. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದಾಗ, ಅದರ 23ನೆಯ ಕಲಮಿನ ಪ್ರಕಾರ ಶಿಕ್ಷಕರ ಕನಿಷ್ಠ ಅರ್ಹತೆಯನ್ನು ಗೊತ್ತುಮಾಡುವ ಅಧಿಕಾರವೂ ಇದೇ ಪರಿಷತ್ತಿಗೆ ಸಿಕ್ಕಿತು. 2010ರ ಆಗಸ್ಟ್ 23ರ ಅಧಿಸೂಚನೆ ಇವತ್ತಿನ ವ್ಯವಸ್ಥೆಯ ಬುನಾದಿ.

ಅದರ ಪ್ರಕಾರ ಒಂದರಿಂದ ಐದನೆಯ ತರಗತಿಗೆ ಕಲಿಸುವವರು ಪಿಯುಸಿಯಲ್ಲಿ ಶೇ 50 ಅಂಕ ಪಡೆದು ಎರಡು ವರ್ಷದ ಡಿ.ಎಡ್ ಮಾಡಿರಬೇಕು. ಆರರಿಂದ ಎಂಟಕ್ಕೆ ಪದವಿ ಬೇಕು, ಜೊತೆಗೆ ಡಿ.ಎಡ್ ಅಥವಾ ಬಿ.ಎಡ್. ಪರಿಶಿಷ್ಟರು ಮೊದಲಾದ ವರ್ಗಗಳಿಗೆ ಅಂಕಗಳಲ್ಲಿ ರಿಯಾಯಿತಿ ಇದೆ. ಇಬ್ಬರೂ ಟಿಇಟಿ ಪಾಸಾಗಿರಬೇಕು. ಒಂಬತ್ತು, ಹತ್ತನೆಯ ತರಗತಿಗೆ ಪದವಿ ಮತ್ತು ಬಿ.ಎಡ್, ಪದವಿಪೂರ್ವ ಕಾಲೇಜಿಗೆ ಸ್ನಾತಕೋತ್ತರ ಪದವಿ ಮತ್ತು ಬಿ.ಎಡ್ ಬೇಕೆಂದು ಪರಿಷತ್ತು 2014ರಲ್ಲಿ ಹೇಳಿತು. ಒಂದು ವರ್ಷದ ಬಿ.ಎಡ್ 2015–16ರಿಂದ ಎರಡು ವರ್ಷದ್ದಾಯಿತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಆಯೋಗ 2012ರಲ್ಲಿ ಕೊಟ್ಟ ವರದಿ ಅದಕ್ಕೆ ಕಾರಣ. ಕಟ್ಟಡವೂ ಇಲ್ಲದ, ಪಾಠವೂ ನಡೆಯದ ತರಬೇತಿ ಕಾಲೇಜುಗಳು ದೇಶದ ತುಂಬ ಹಬ್ಬಿದ್ದ ಕಾಲ ಅದು.

ಕರ್ನಾಟಕದಲ್ಲಿ ಮೊದಲ ಟಿಇಟಿ ನಡೆದದ್ದು 2014ರಲ್ಲಿ. ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಅದನ್ನು ನಡೆಸುತ್ತದೆ. ಐದನೆಯ ತರಗತಿವರೆಗಿನವರಿಗೆ ಮೊದಲ ಪತ್ರಿಕೆ, ಆರರಿಂದ ಎಂಟಕ್ಕೆ ಎರಡನೆಯದು. ಎರಡಕ್ಕೂ ತಲಾ 150 ಅಂಕ, 150 ಪ್ರಶ್ನೆ, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೊದಲ ಪತ್ರಿಕೆಯಲ್ಲಿ ಶಿಶು ವಿಕಾಸ ಮತ್ತು ಬೋಧನೆ, ಎರಡು ಭಾಷೆಗಳು, ಗಣಿತ, ಪರಿಸರ ಅಧ್ಯಯನ, ಇವಕ್ಕೆ ತಲಾ 30 ಅಂಕ. ಎರಡನೆಯದರಲ್ಲಿ ವಿಜ್ಞಾನ-ಗಣಿತ ಅಥವಾ ಸಮಾಜ ವಿಜ್ಞಾನಕ್ಕೆ 60. ಪಾಸಾಗಲು ಶೇ 60, ಅಂದರೆ 90 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲರಿಗೆ ಶೇ 55 ಸಾಕು. ಮೊದಲು ಈ ಪ್ರಮಾಣಪತ್ರ ಏಳು ವರ್ಷ ಮಾತ್ರ ನಡೆಯುತ್ತಿತ್ತು. 2021ರಲ್ಲಿ ಕೇಂದ್ರ ಅದನ್ನು 2011ರಿಂದಲೇ ಅನ್ವಯವಾಗುವಂತೆ ಜೀವಮಾನದ ಪ್ರಮಾಣಪತ್ರವನ್ನಾಗಿ ಮಾಡಿತು. ಅವಧಿ ಮುಗಿದ ಕಾಗದ ಹಿಡಿದು ಕೂತಿದ್ದ ಸಾವಿರಾರು ಅಭ್ಯರ್ಥಿಗಳಿಗೆ ಅದೊಂದು ನೆಮ್ಮದಿ.

ಈ ಪರೀಕ್ಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಾಲ್ಕು ಉತ್ತರಗಳಲ್ಲಿ ಸರಿಯಾದುದರ ವೃತ್ತ ತುಂಬುವ ಪರೀಕ್ಷೆ ಶಿಕ್ಷಕನ ತಿಳಿವಳಿಕೆಯನ್ನು ಒಂದು ಮಟ್ಟಿಗೆ ಅಳೆಯುತ್ತದೆ. ಮಗುವಿನ ಮುಂದೆ ಕೂತು ‘ಅ’ ತಿದ್ದಿಸುವಾಗಿನ ತಾಳ್ಮೆಯನ್ನು, ಲೈನ್ ಮನೆಯಿಂದ ಬಂದ ತಮಿಳು ಮನೆಮಾತಿನ ಹುಡುಗಿಗೆ ಕನ್ನಡದ ಮೊದಲ ವಾಕ್ಯ ಹೊರಡಿಸುವ ಜಾಣ್ಮೆಯನ್ನು ಅಳೆಯುವುದಿಲ್ಲ. ಅದನ್ನು ನೋಡಬೇಕಾದದ್ದು ತರಬೇತಿ ಸಂಸ್ಥೆ ಮತ್ತು ನೇಮಕದ ನಂತರದ ಎರಡು ವರ್ಷದ ಪ್ರೊಬೇಷನ್. ಪ್ರೊಬೇಷನ್ ಘೋಷಣೆಯೋ ಬಹುಪಾಲು ದಾಖಲೆಗಳ ಪರಿಶೀಲನೆಯಾಗಿ ಮುಗಿಯುತ್ತದೆ: ಅಂಕಪಟ್ಟಿಯ ನೈಜತೆ, ಜಾತಿ ಪ್ರಮಾಣಪತ್ರದ ಸಿಂಧುತ್ವ, ಪೊಲೀಸ್ ವರದಿ. ಇವೆಲ್ಲ ಬೇಕಾದವೇ. 2012ರಿಂದ 2015ರ ನಡುವಿನ ಕೆಲವು ಪ್ರೌಢಶಾಲಾ ನೇಮಕಗಳಲ್ಲಿ ಅಕ್ರಮ ನಡೆದಿದೆಯೆಂದು 2022ರಲ್ಲಿ ಸಿಐಡಿ ತನಿಖೆ ನಡೆಸಿ ಹಲವರನ್ನು ಬಂಧಿಸಿದ್ದನ್ನು ನೋಡಿದರೆ ಕಾಗದದ ಪರಿಶೀಲನೆಯನ್ನು ಹಗುರವಾಗಿ ಕಾಣಲಾಗದು. ಆದರೆ ಆ ಎರಡು ವರ್ಷದಲ್ಲಿ ಹಿರಿಯರೊಬ್ಬರು ಹೊಸ ಮೇಷ್ಟರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿ, ಸಂಜೆ ಮಾತಾಡುವ ಪದ್ಧತಿ ನಿಯಮದಲ್ಲೇ ಗಟ್ಟಿಯಾಗಿ ಬರಬೇಕಿತ್ತು.

ಎರಡು ತೀರ್ಪುಗಳು

ಅರ್ಹತೆಯ ಚರಿತ್ರೆಯನ್ನು ಈಚೆಗೆ ಬರೆಯುತ್ತಿರುವುದು ನ್ಯಾಯಾಲಯಗಳು. ಬಿ.ಎಡ್ ಆದವರೂ ಒಂದರಿಂದ ಐದಕ್ಕೆ ಕಲಿಸಬಹುದೆಂದು ಪರಿಷತ್ತು 2018ರಲ್ಲಿ ಅಧಿಸೂಚನೆ ಹೊರಡಿಸಿತ್ತು. ರಾಜಸ್ಥಾನದಲ್ಲಿ ಹುಟ್ಟಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು, ಅದು ಸಲ್ಲದು ಎಂದಿತು. ಬಿ.ಎಡ್ ದೊಡ್ಡ ಓದಿರಬಹುದು, ಆದರೆ ಆರು ವರ್ಷದ ಮಗುವಿಗೆ ಅಕ್ಷರ ಕಲಿಸುವ ವಿದ್ಯೆ ಬೇರೆ, ಅದನ್ನು ಕಲಿಸುವುದು ಡಿ.ಎಡ್ ಎಂಬುದು ತೀರ್ಪಿನ ಸಾರ. ಚಿಕ್ಕ ಮಕ್ಕಳಿಗೆ ಕಲಿಸುವುದು ಕೆಳಗಿನ ಕೆಲಸವಲ್ಲ, ಬೇರೆ ಕೆಲಸ ಎಂಬ ಮಾತನ್ನು ಒಂದು ನ್ಯಾಯಾಲಯ ಎತ್ತಿಹಿಡಿದದ್ದು ಒಳ್ಳೆಯದೇ ಆಯಿತು. ಕರ್ನಾಟಕದಲ್ಲಿ ಅದರ ಹಿಂದೆಯೇ ಇರುವ ಸಂಕಟವೆಂದರೆ, ಒಂದರಿಂದ ಐದರವರೆಗಿನ ಹುದ್ದೆಗಳಿಗೆ ನೇಮಕ ವರ್ಷಗಟ್ಟಲೆ ನಡೆಯದೆ ಡಿ.ಎಡ್ ಓದುವವರು ಕಡಿಮೆಯಾಗಿ, ಒಂದು ಕಾಲಕ್ಕೆ ಸೀಟಿಗೆ ಪೈಪೋಟಿಯಿದ್ದ ಡಿ.ಎಡ್ ಕಾಲೇಜುಗಳು ಸಾಲಾಗಿ ಬಾಗಿಲು ಹಾಕಿದ್ದು.

ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು 2025ರ ಸೆಪ್ಟೆಂಬರ್ 1ರದು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ, ಒಂದರಿಂದ ಎಂಟಕ್ಕೆ ಕಲಿಸುವ, ಟಿಇಟಿ ಆಗದ ಎಲ್ಲ ಶಿಕ್ಷಕರೂ ಎರಡು ವರ್ಷದೊಳಗೆ ಅದನ್ನು ಪಾಸಾಗಬೇಕು, ಇಲ್ಲವಾದರೆ ಕೆಲಸ ಬಿಡಬೇಕು. ಐದು ವರ್ಷಕ್ಕಿಂತ ಕಡಿಮೆ ಉಳಿದಿರುವವರು ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಅವರಿಗೆ ಬಡ್ತಿ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಕೋರ್ಟ್ ದೊಡ್ಡ ಪೀಠಕ್ಕೆ ಒಪ್ಪಿಸಿತು. 2010ಕ್ಕೆ ಮುಂಚೆ ಆಗಿನ ನಿಯಮದಂತೆ ಟಿ.ಸಿ.ಎಚ್. ಮಾಡಿ, ಆಗಿನ ಪರೀಕ್ಷೆ ಬರೆದು, ಮೆರಿಟ್‌ನಲ್ಲಿ ಬಂದವರು ನಮ್ಮ ಶಾಲೆಗಳ ಬೆನ್ನೆಲುಬು. ಐವತ್ತು ದಾಟಿದ ಮೇಷ್ಟರು ಈಗ ತಾವೇ ಓದು ಬರಹ ಕಲಿಸಿದ ಹುಡುಗಿಯ ಪಕ್ಕದ ಬೆಂಚಿನಲ್ಲಿ ಕೂತು ಒಎಂಆರ್ ಹಾಳೆಯ ವೃತ್ತ ತುಂಬಬೇಕಾದ ದಿನ ಬಂದಿದೆ. ಮಕ್ಕಳಿಗೆ ಗುಣಮಟ್ಟದ ಶಿಕ್ಷಕ ಸಿಗಬೇಕೆಂಬ ತೀರ್ಪಿನ ಕಾಳಜಿ ನ್ಯಾಯವಾದದ್ದು. ಆದರೆ ಇಪ್ಪತ್ತೈದು ವರ್ಷದ ಪಾಠವನ್ನು ಎರಡೂವರೆ ಗಂಟೆಯ ಬಹುಆಯ್ಕೆಯ ಪತ್ರಿಕೆಗೆ ಇಳಿಸುವುದು ನ್ಯಾಯವೆನಿಸುವುದಿಲ್ಲ.

ಒಂದೇ ಕೊಠಡಿ, ಎರಡು ವೃಂದ

ಕರ್ನಾಟಕದ ಹಿರಿಯ ಪ್ರಾಥಮಿಕ ಶಾಲೆ ಒಂದರಿಂದ ಏಳು ಅಥವಾ ಎಂಟರವರೆಗೆ. ಹಿಂದೆ ಅಲ್ಲಿನ ಎಲ್ಲರೂ ಪ್ರಾಥಮಿಕ ಶಾಲಾ ಶಿಕ್ಷಕರೇ. ಯಾರು ಯಾವ ತರಗತಿಗೆ ಎಂಬುದನ್ನು ಹೆಡ್‌ಮೇಷ್ಟರು ತೀರ್ಮಾನಿಸುತ್ತಿದ್ದರು. 2017ರ ವೃಂದ ಮತ್ತು ನೇಮಕಾತಿ ನಿಯಮ ಒಂದರಿಂದ ಐದಕ್ಕೆ ಒಂದು ವೃಂದ, ಆರರಿಂದ ಎಂಟಕ್ಕೆ ಪದವೀಧರ ಪ್ರಾಥಮಿಕ ಶಿಕ್ಷಕರ ಬೇರೆ ವೃಂದ ಎಂದು ಗೆರೆ ಎಳೆಯಿತು. ಮೊದಲನೆಯವರು ಪಿಎಸ್‌ಟಿ, ಎರಡನೆಯವರು ಜಿಪಿಟಿ, ಈ ಅಕ್ಷರಗಳು ಸ್ಟಾಫ್ ರೂಮಿನ ಮಾತಾದವು. ಏಳನೆಯ ತರಗತಿಗೆ ವರ್ಷಾನುಗಟ್ಟಲೆ ಪಾಠ ಮಾಡಿದ, ಪದವಿಯನ್ನೂ ಬಿ.ಎಡ್ಡನ್ನೂ ಸೇವೆಯಲ್ಲಿದ್ದುಕೊಂಡೇ ಮುಗಿಸಿದ ಹಳಬರು ಒಂದೇ ದಿನದಲ್ಲಿ ‘ಒಂದರಿಂದ ಐದು’ ಆದರು. ನಿಯಮವನ್ನು ಅದಕ್ಕೂ ಹಿಂದೆ ನೇಮಕವಾದವರಿಗೆ ಅನ್ವಯಿಸಬೇಡಿ ಎಂದು ಅವರು 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿದ್ದರು.

ಜಿಪಿಟಿಯ 15,000 ಹುದ್ದೆಗಳಿಗೆ 2022ರ ಮೇ ತಿಂಗಳಲ್ಲಿ ದೊಡ್ಡ ನೇಮಕಾತಿ ಪರೀಕ್ಷೆ ನಡೆಯಿತು. ವಿವಾಹಿತ ಮಹಿಳೆಯರು ತಂದೆಯ ಆದಾಯದ ಪ್ರಮಾಣಪತ್ರ ಕೊಡಬೇಕೋ ಗಂಡನದೋ ಎಂಬ ವ್ಯಾಜ್ಯದಿಂದ ಪಟ್ಟಿ ನ್ಯಾಯಾಲಯದಲ್ಲಿ ಸಿಕ್ಕಿಕೊಂಡು, ನೇಮಕಾತಿ ಆದೇಶ ಕೈಗೆ ಬರಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟು ದಿನವೂ ವಿಜ್ಞಾನದ ಪಾಠ ನಿಂತಿತ್ತೆಂದಲ್ಲ. ಅದನ್ನು ಮಾಡಿದವರು ಅತಿಥಿ ಶಿಕ್ಷಕರು.

ಆಯ್ಕೆಯಾದವರು ಶಾಲೆ ಆರಿಸಿಕೊಳ್ಳುವ ಕೌನ್ಸೆಲಿಂಗ್ ಎಂಬುದು ಜಿಲ್ಲಾ ಕೇಂದ್ರದ ಒಂದು ಸಭಾಂಗಣದಲ್ಲಿ ನಡೆಯುತ್ತದೆ. ಮುಂದಿನ ಪರದೆಯ ಮೇಲೆ ಖಾಲಿ ಹುದ್ದೆಗಳ ಪಟ್ಟಿ, ಕೆಳಗೆ ಫೈಲು ಹಿಡಿದ ಅಭ್ಯರ್ಥಿಗಳು, ಜೊತೆಗೆ ಬಂದ ಅಪ್ಪಂದಿರು, ಕೈಗೂಸಿನ ತಾಯಂದಿರು. ರ‍್ಯಾಂಕಿನ ಪ್ರಕಾರ ಹೆಸರು ಕೂಗುತ್ತಾರೆ. ಮೊದಮೊದಲ ಹೆಸರಿನವರು ಬಸ್ಸಿನ ದಾರಿಯ, ಪಟ್ಟಣದ ಸುತ್ತಲಿನ ಶಾಲೆಗಳನ್ನು ಆರಿಸಿಕೊಳ್ಳುತ್ತಾರೆ. ಒಂದೊಂದೇ ಸಾಲು ಅಳಿಸುತ್ತ ಹೋಗಿ ಸಂಜೆಯ ಹೊತ್ತಿಗೆ ಪರದೆಯ ಮೇಲೆ ಉಳಿಯುವುದು ಕಾಡಂಚಿನ ಊರುಗಳ ಹೆಸರು. ಇದರಲ್ಲಿ ಯಾರ ತಪ್ಪೂ ಇಲ್ಲ. ಬಾಡಿಗೆ ಮನೆ ಸಿಗದ, ಸಂಜೆಯ ಬಸ್ಸು ತಪ್ಪಿದರೆ ದಾರಿಯಿಲ್ಲದ, ಆನೆ ಬಂದಿದೆಯೇ ಎಂದು ವಾಟ್ಸಾಪಿನಲ್ಲಿ ಸಂದೇಶ ನೋಡಿಕೊಂಡೇ ಮನೆಯಿಂದ ಹೊರಡಬೇಕಾದ ಊರಿಗೆ ಬರುವವರ ಅಂಜಿಕೆ ನಿಜವಾದದ್ದೇ.

ವರ್ಗಾವಣೆಯಲ್ಲೂ ಇದೇ ನೀರಿನ ಹರಿವು. 2007ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯಿದೆ ಮತ್ತು ಅದರ ಜಾಗಕ್ಕೆ ಬಂದ 2020ರ ಕಾಯಿದೆ ಶಾಲೆಗಳನ್ನು ಎ, ಬಿ, ಸಿ ವಲಯಗಳಾಗಿ ಹಂಚಿ, ಶಿಫಾರಸಿನ ಬದಲು ಅಂಕ ಮತ್ತು ಕೌನ್ಸೆಲಿಂಗ್ ತಂದವು. ಪ್ರಭಾವಿಗಳ ಚೀಟಿಯಿಂದ ನಡೆಯುತ್ತಿದ್ದುದನ್ನು ಎಲ್ಲರೂ ನೋಡುವ ಪರದೆಗೆ ತಂದದ್ದು ಕರ್ನಾಟಕದ ದೊಡ್ಡ ಸುಧಾರಣೆ, ಬೇರೆ ರಾಜ್ಯಗಳೂ ಇದನ್ನು ಗಮನಿಸಿದವು. ಆದರೂ ದೂರದ ಹಳ್ಳಿಗಳ ಸಿ ವಲಯದ ಮೇಷ್ಟರು ಪಟ್ಟಣದ ಎ ವಲಯದ ಕಡೆ ಮುಖ ಮಾಡಿಯೇ ಇರುತ್ತಾರೆ. ಮಲೆಯ ಶಾಲೆಗೆ ಬರುವವರಿಗೆ ಊರಿನಲ್ಲೇ ಒಂದು ವಸತಿ ಕಟ್ಟಿಕೊಟ್ಟಿದ್ದರೆ ಅರ್ಹತೆಯ ಎಷ್ಟೋ ನಿಯಮಗಳಿಗಿಂತ ಹೆಚ್ಚಿನ ಕೆಲಸವಾಗುತ್ತಿತ್ತು.

ಖಾಲಿ ಉಳಿದ ಜಾಗಕ್ಕೆ ಅತಿಥಿ ಶಿಕ್ಷಕರು. ರಾಜ್ಯ ಈಚಿನ ವರ್ಷಗಳಲ್ಲಿ ಐವತ್ತು ಸಾವಿರದ ಆಸುಪಾಸು ಮಂದಿಯನ್ನು ಹೀಗೆ ತೆಗೆದುಕೊಳ್ಳುತ್ತಿದೆ. ಜೂನ್ ಸುಮಾರಿಗೆ ಸೇರಿಸಿಕೊಂಡು ಶಾಲೆಯ ವರ್ಷ ಮುಗಿದಾಗ ಬಿಡುವುದು ಕ್ರಮ. 2025–26ರ ಬಜೆಟ್ಟಿನಲ್ಲಿ 2,000 ರೂಪಾಯಿ ಹೆಚ್ಚಿಸಿದ ಮೇಲೆ ಪ್ರಾಥಮಿಕ ಶಾಲೆಯವರಿಗೆ ತಿಂಗಳಿಗೆ 12,000, ಪ್ರೌಢಶಾಲೆಯವರಿಗೆ 12,500 ರೂಪಾಯಿ ಗೌರವಧನ. ಇವರಲ್ಲಿ ಬಹಳ ಮಂದಿ ಅದೇ ಊರಿನ ಸೊಸೆಯರು, ಹೆಣ್ಣುಮಕ್ಕಳು. ಬಿ.ಎಡ್ ಆಗಿದೆ, ಹಲವರಿಗೆ ಟಿಇಟಿಯೂ ಆಗಿದೆ. ಊರಿನ ಮಳೆ ಗೊತ್ತು, ಮಕ್ಕಳ ಮನೆ ಗೊತ್ತು. ಕಾಯಂ ಮೇಷ್ಟರು ಬಂದ ದಿನ ಇವರು ಹೊರಗೆ. ಅರ್ಹತೆ ಇದ್ದೂ ಹುದ್ದೆ ಇಲ್ಲದ ಈ ಹೆಣ್ಣುಮಕ್ಕಳ ಮೇಲೆ ಮಲೆನಾಡಿನ ಶಾಲೆಗಳು ನಿಂತಿವೆ ಎಂದರೆ ಉತ್ಪ್ರೇಕ್ಷೆಯಲ್ಲ.

ಚಿಕ್ಕ ಶಾಲೆಯ ವಿದ್ಯೆ

ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಒಂದರಿಂದ ಐದರ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎನ್ನುತ್ತದೆ. ಅಂದರೆ ಹನ್ನೆರಡು ಮಕ್ಕಳಿರುವಲ್ಲಿಯೂ ಇಬ್ಬರು. ಆರರಿಂದ ಎಂಟಕ್ಕೆ ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜಕ್ಕೊಬ್ಬರು, ಭಾಷೆಗೊಬ್ಬರು ಕನಿಷ್ಠ ಇರಬೇಕು. ಕೆಲಸದ ದಿನಗಳು ಐದರವರೆಗೆ 200, ಆರರಿಂದ ಎಂಟಕ್ಕೆ 220. ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ ಬಂದಾಗಲೆಲ್ಲ ಮಕ್ಕಳ ಸಂಖ್ಯೆಯ ಲೆಕ್ಕ ಮೇಲೆ ಬರುತ್ತದೆ, ಮಲೆಯ ಶಾಲೆಗಳಿಗೆ ಎದೆ ಢವಗುಟ್ಟುತ್ತದೆ.

ಇಬ್ಬರೇ ಇರುವಲ್ಲಿ ಒಬ್ಬರು ಮೂರು ತರಗತಿಗಳನ್ನು ಒಟ್ಟಿಗೆ ನೋಡಬೇಕು. ಅದಕ್ಕೆ ಬೇಕಾದ ವಿದ್ಯೆಯನ್ನು ಕರ್ನಾಟಕ ತಾನೇ ಕಂಡುಕೊಂಡಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೇಷ್ಟರುಗಳೇ ಸೇರಿ, ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದು, ಯುನಿಸೆಫ್ ನೆರವಿನಿಂದ ರೂಪಿಸಿದ ನಲಿ-ಕಲಿ 2009–10ರಲ್ಲಿ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಬಂತು. ಜುಲೈ ತಿಂಗಳ ಒಂದು ಬೆಳಗ್ಗೆ ವನಗೂರು ಸೀಮೆಯ ನಲಿ-ಕಲಿ ಕೊಠಡಿಗೆ ಕಾಲಿಟ್ಟರೆ ಬಾಗಿಲ ಬಳಿ ಕೊಡೆಗಳ ರಾಶಿ, ನೀರಿಳಿಯುವ ಪ್ಲಾಸ್ಟಿಕ್ ಕೊಪ್ಪೆಗಳು. ಒಳಗೆ ನೆಲದ ಮೇಲೆ ಮಕ್ಕಳು ದುಂಡಗೆ ಐದು ಕಡೆ ಕೂತಿರುತ್ತಾರೆ. ಆ ಗುಂಪುಗಳಿಗೆ ತಟ್ಟೆ ಎಂದು ಹೆಸರು. ಒಂದು ತಟ್ಟೆಗೆ ಶಿಕ್ಷಕಿಯ ಪೂರ್ಣ ನೆರವು, ಮುಂದಿನದಕ್ಕೆ ಅರ್ಧ, ಆಮೇಲಿನ ಎರಡು ತಟ್ಟೆಗಳಲ್ಲಿ ಗೆಳೆಯರ ನೆರವು, ಕೊನೆಯದು ತಾನೇ ಕಲಿಯುವ ತಟ್ಟೆ. ಮಗು ತನ್ನ ಮೆಟ್ಟಿಲಿನ ಕಾರ್ಡನ್ನು ಗೋಡೆಯಿಂದ ಹುಡುಕಿ ತಂದು ಕೂರುತ್ತದೆ. ಹಂಚಿನ ಮೇಲೆ ಮಳೆ ಎಷ್ಟು ಜೋರೆಂದರೆ ಶಿಕ್ಷಕಿಯ ದನಿ ಎರಡು ಮಾರು ದಾಟುವುದಿಲ್ಲ. ಅದಕ್ಕೇ ಅವರು ತಟ್ಟೆಯಿಂದ ತಟ್ಟೆಗೆ ಮಂಡಿಯೂರಿ ಸರಿಯುತ್ತಾರೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದು ಪ್ರಗತಿ ನೋಟದ ಹಾಳೆಯಲ್ಲಿ ಮಾತ್ರವಲ್ಲ, ಅವರ ತಲೆಯಲ್ಲೂ ಇರುತ್ತದೆ. ವಾರಗಟ್ಟಲೆ ಮಳೆಗೆ ಮನೆಯಲ್ಲೇ ಉಳಿದ ಮಗು ಬಂದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಶುರುಮಾಡಬಹುದು. ಈ ಸೀಮೆಗೆ ಈ ಪದ್ಧತಿ ಒಗ್ಗಿದ್ದು ಇದಕ್ಕಾಗಿ.

ಇಂಥ ಪದ್ಧತಿಗೆ ಶಿಕ್ಷಕರನ್ನು ತರಬೇತುಗೊಳಿಸುವ ಹೊಣೆ ಹಾಸನದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯದು. 1986ರ ಶಿಕ್ಷಣ ನೀತಿಯಿಂದ ಜಿಲ್ಲೆಗೊಂದರಂತೆ ಹುಟ್ಟಿದ ಈ ಡಯಟ್‌ಗಳು ಬೆಂಗಳೂರಿನ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಅಂದರೆ ಡಿಎಸ್‌ಇಆರ್‌ಟಿಯ ಕೆಳಗೆ ಬರುತ್ತವೆ. ಪ್ರೌಢಶಾಲೆಗೆ ಶಿಕ್ಷಕರನ್ನು ತಯಾರು ಮಾಡುವುದರಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಹೆಸರು ದೊಡ್ಡದು. 1963ರಲ್ಲಿ ಶುರುವಾದ ಅದು ಪದವಿ ಮತ್ತು ಬಿ.ಎಡ್ಡನ್ನು ನಾಲ್ಕು ವರ್ಷದಲ್ಲಿ ಒಟ್ಟಿಗೆ ಕಲಿಸುವುದನ್ನು ಬಹಳ ಹಿಂದೆಯೇ ಮಾಡಿ ತೋರಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರ ಹೊತ್ತಿಗೆ ಇಂಥ ನಾಲ್ಕು ವರ್ಷದ ಓದನ್ನೇ ಎಲ್ಲ ಶಿಕ್ಷಕರ ಕನಿಷ್ಠ ಅರ್ಹತೆ ಮಾಡಬೇಕೆನ್ನುತ್ತದೆ. ವರ್ಷಕ್ಕೆ 50 ಗಂಟೆ ತರಬೇತಿಯನ್ನೂ ಹೇಳುತ್ತದೆ. ಕರ್ನಾಟಕ ಆ ನೀತಿಯಿಂದ ಬೇರೆಯಾದ ದಾರಿ ಹುಡುಕಲು 2023ರಲ್ಲಿ ಸುಖದೇವ್ ಥೋರಟ್ ಅವರ ಆಯೋಗವನ್ನು ನೇಮಿಸಿತು. ಅದರ ವರದಿ 2025ರ ಆಗಸ್ಟ್‌ನಲ್ಲಿ ಸರ್ಕಾರದ ಕೈ ಸೇರಿದೆ.

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಅರ್ಹತೆಯ ಪ್ರಶ್ನೆ ಇನ್ನೊಂದು ಬಗೆಯದು. ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಗೆ ಕೇರಳದ ಲೋಕಸೇವಾ ಆಯೋಗದ ಪಟ್ಟಿಯಿಂದ ಕನ್ನಡ ಬಾರದ ಶಿಕ್ಷಕರು ಬಂದಾಗ ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದುಂಟು. 2018ರಲ್ಲಿ ಬಂದ ರಿಷಬ್ ಶೆಟ್ಟಿ ಅವರ ಸಿನಿಮಾ ಈ ಸಂಗತಿಯನ್ನು ಕರ್ನಾಟಕದ ಮನೆಮನೆಗೂ ತಲುಪಿಸಿತು. ಪದವಿ ಇದೆ, ಪರೀಕ್ಷೆ ಪಾಸಾಗಿದೆ, ಮಗುವಿನ ಭಾಷೆ ಗೊತ್ತಿಲ್ಲ ಎಂದರೆ ಅರ್ಹತೆ ಪೂರ್ತಿಯಾಗಿಲ್ಲ.

ಹೆಡ್‌ಮೇಷ್ಟರು, ಬಿಇಒ

ಶಿಕ್ಷಕನಾಗಲು ಇಷ್ಟೆಲ್ಲ ಬಾಗಿಲುಗಳಿದ್ದರೆ, ಶಾಲೆಯನ್ನು ನಡೆಸುವವರಿಗೆ ಪ್ರತ್ಯೇಕ ಅರ್ಹತೆ ಹೆಚ್ಚೇನೂ ಇಲ್ಲ. ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕರು ಜ್ಯೇಷ್ಠತೆಯ ಮೇಲೆ ಮುಖ್ಯಶಿಕ್ಷಕರಾಗಿ, ಆಮೇಲೆ ಹಿರಿಯ ಮುಖ್ಯಶಿಕ್ಷಕರಾಗಿ ಬಡ್ತಿ ಪಡೆಯುತ್ತಾರೆ. ಪ್ರೌಢಶಾಲೆಯ ಮುಖ್ಯಶಿಕ್ಷಕರದು ಗೆಜೆಟೆಡ್ ಹುದ್ದೆ. ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಪೂರ್ಣಾವಧಿ ಮುಖ್ಯಶಿಕ್ಷಕರನ್ನು ಕೊಡುವುದು ಐದರವರೆಗಿನ ಶಾಲೆಯಲ್ಲಿ 150 ಮಕ್ಕಳು, ಆರರಿಂದ ಎಂಟರಲ್ಲಿ 100 ಮಕ್ಕಳು ಮೀರಿದಾಗ. ವನಗೂರು ಸೀಮೆಯ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇಬ್ಬರಲ್ಲಿ ಹಿರಿಯರೇ ಚಾರ್ಜು. ಬೆಳಗ್ಗೆ ಬೀಗ ತೆಗೆಯುವುದು, ಹಾಲಿನ ಪುಡಿ, ಮೊಟ್ಟೆ, ಅಕ್ಕಿ ಬೇಳೆಯ ದಾಸ್ತಾನು ಬರೆಯುವುದು, ಮಕ್ಕಳ ಮಾಹಿತಿಯ ತಂತ್ರಾಂಶ ಎಸ್‌ಎಟಿಎಸ್‌ನಲ್ಲಿ ಹಾಜರಿ ತುಂಬುವುದು, ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯ ಸಭೆ ಕರೆಯುವುದು, ಸೋರುವ ಹಂಚಿಗೆ ಪಂಚಾಯಿತಿಗೆ ಅರ್ಜಿ ಕೊಡುವುದು, ಇವುಗಳ ನಡುವೆ ಪಾಠ. ನೆಟ್‌ವರ್ಕ್ ಸಿಗುವ ಗುಡ್ಡದ ತಿರುವಿಗೆ ಹೋಗಿ ಮೊಬೈಲಿನಲ್ಲಿ ಮಾಹಿತಿ ಏರಿಸುವ ಹೆಡ್‌ಮೇಷ್ಟರು ಇಲ್ಲಿ ಅಪರೂಪವಲ್ಲ. ಜನಗಣತಿ, ವಿಪತ್ತು, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಅದೇ ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಆದರೂ 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಅಲೆದವರಲ್ಲಿ ಹೆಚ್ಚಿನವರು ಶಿಕ್ಷಕರೇ. ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು.

ತಾಲ್ಲೂಕಿನ ಮಟ್ಟದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ. ಬಡ್ತಿಯಿಂದ ಬಂದವರೂ ಇದ್ದಾರೆ, ರಾಜ್ಯದ ಲೋಕಸೇವಾ ಆಯೋಗ ಕೆಪಿಎಸ್‌ಸಿಯಿಂದ ನೇರವಾಗಿ ಆಯ್ಕೆಯಾದವರೂ ಇದ್ದಾರೆ. ಅವರ ಮೇಲೆ ಜಿಲ್ಲೆಯ ಉಪನಿರ್ದೇಶಕರು. ರಾಜ್ಯದಲ್ಲಿ 31 ಜಿಲ್ಲೆಗಳಿದ್ದರೂ ಶೈಕ್ಷಣಿಕ ಜಿಲ್ಲೆಗಳು 35. ಆಡಳಿತದವರಿಗೆ ಇರುವ ಇಲಾಖಾ ಪರೀಕ್ಷೆಗಳು ಲೆಕ್ಕಪತ್ರ, ಕಾನೂನು, ನಿಯಮಾವಳಿಗಳನ್ನು ಕೇಳುತ್ತವೆ. ಪಾಠವನ್ನು ಹೇಗೆ ನೋಡಬೇಕು, ಸೋತ ಮೇಷ್ಟರನ್ನು ಹೇಗೆ ಕೈಹಿಡಿದು ನಡೆಸಬೇಕು ಎಂಬುದನ್ನು ಕೇಳುವುದಿಲ್ಲ. ಆ ಕೊರತೆ ತುಂಬಲು ಧಾರವಾಡದಲ್ಲಿ ಶಾಲಾ ನಾಯಕತ್ವ ಮತ್ತು ಶೈಕ್ಷಣಿಕ ಯೋಜನೆಯ ರಾಜ್ಯ ಸಂಸ್ಥೆ ಸಿಸ್ಲೆಪ್ ಇದೆ. ಅಲ್ಲಿನ ತರಬೇತಿ ಬಡ್ತಿಗೆ ಮುಂಚೆ ಕಡ್ಡಾಯವಾಗಬೇಕು, ಆದ ಮೇಲೆ ಅಲ್ಲ. ಶಾಲೆಗೆ ನಿಜವಾಗಿ ಹತ್ತಿರದವರು ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಸಿಆರ್‌ಪಿ. ಮೇಷ್ಟರುಗಳಲ್ಲೇ ಪರೀಕ್ಷೆ ಬರೆದು ನಿಗದಿತ ಅವಧಿಗೆ ಬರುವ ಇವರು ಬೈಕಿನಲ್ಲಿ ಶಾಲೆಯಿಂದ ಶಾಲೆಗೆ ಹೋಗುತ್ತಾರೆ. ಹಳೆಯ ಇನ್‌ಸ್ಪೆಕ್ಟರ್ ಬಂದರೆ ಊರೇ ಸುಣ್ಣ ಬಳಿಯುತ್ತಿತ್ತು. ಸಿಆರ್‌ಪಿ ಬಂದರೆ ಮಕ್ಕಳ ಜೊತೆ ಬಿಸಿಯೂಟಕ್ಕೆ ಕೂರುತ್ತಾರೆ. ಒಳ್ಳೆಯ ಬದಲಾವಣೆ.

ಖಾಸಗಿ ಶಾಲೆಗಳಿಗೂ ಇದೇ ಅರ್ಹತೆ ಅನ್ವಯ. ಅನುದಾನಿತ ಶಾಲೆಯ ನೇಮಕಕ್ಕೆ ಇಲಾಖೆಯ ಅನುಮೋದನೆ ಬೇಕು. ಅನುದಾನವಿಲ್ಲದವುಗಳಲ್ಲಿ ಸಂಬಳ ಕಡಿಮೆಯಾದಷ್ಟೂ ಅರ್ಹತೆಯ ಮಾತು ತೆಳುವಾಗುತ್ತ ಹೋಗುತ್ತದೆ. ಹಳದಿ ವ್ಯಾನು ಈಗ ತೋಟದ ಗೇಟಿನವರೆಗೂ ಬರುತ್ತದೆ. ಪಕ್ಕದ ಸರ್ಕಾರಿ ಶಾಲೆಯಲ್ಲಿ ಮೂರು ಪರೀಕ್ಷೆ ದಾಟಿ ಬಂದ ಮೇಷ್ಟರಿದ್ದರೂ ಹೆತ್ತವರು ವ್ಯಾನಿನ ಕಡೆ ನೋಡುತ್ತಾರೆ.

ಜುಲೈ, ಆಗಸ್ಟ್‌ನಲ್ಲಿ ಸಕಲೇಶಪುರ, ಆಲೂರು ತಾಲ್ಲೂಕುಗಳಿಗೆ ಮಳೆ ರಜೆಯ ಆದೇಶ ಕೆಲವೊಮ್ಮೆ ಹಿಂದಿನ ರಾತ್ರಿ, ಕೆಲವೊಮ್ಮೆ ಬೆಳಗ್ಗೆ ಬರುತ್ತದೆ. ಅಷ್ಟರಲ್ಲಿ ದೂರದ ಮನೆಯ ಮಕ್ಕಳು ಹೊರಟಿರುತ್ತಾರೆ. ಯಾವ ಹಳ್ಳ ಎಷ್ಟು ಹೊತ್ತಿಗೆ ತುಂಬುತ್ತದೆ, ಯಾವ ಸಂಕ ಜಾರುತ್ತದೆ, ಯಾವ ಮನೆಗೆ ಫೋನ್ ತಾಗುವುದಿಲ್ಲ ಎಂಬುದು ಗೊತ್ತಿರುವ ಹೆಡ್‌ಮೇಷ್ಟರು ಆದೇಶಕ್ಕೆ ಮುಂಚೆಯೇ ದಾರಿಯ ತಿರುವಿಗೆ ಬಂದು ಕೊಡೆ ಹಿಡಿದು ನಿಂತಿರುತ್ತಾರೆ. ಬಂದ ಮಕ್ಕಳನ್ನು ಎಣಿಸಿ, ದೊಡ್ಡವರ ಜೊತೆ ಚಿಕ್ಕವರನ್ನು ಸೇರಿಸಿ ವಾಪಸು ಕಳಿಸುತ್ತಾರೆ. ಕಳೆದ ದಿನಗಳನ್ನು ಸೆಪ್ಟೆಂಬರ್ ನಂತರದ ಶನಿವಾರದ ಮಧ್ಯಾಹ್ನಗಳಲ್ಲಿ, ಬೇಕಾದರೆ ಭಾನುವಾರಗಳಲ್ಲಿ ತುಂಬಿಸಿ, 220ರ ಲೆಕ್ಕವನ್ನು ಬಿಇಒ ಕಚೇರಿಗೆ ಬರೆದು ಕಳಿಸುತ್ತಾರೆ.